ಬಲಪುಟದ ಕೆಳಭಾಗ

ಭಾನುವಾರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮಿಲಿಮೀಟರಮ್ಮ ಬಲಪುಟದ ಕೊನೆಯ ಸಾಲಿಗೆ ಬಂದು “ಹ್ಞೂಂ” ಎಂದಳು. ಮಗ್ಗುಲಲ್ಲಿ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೈ ಚಾಚಿ ಹಾಳೆ ತಿರುಗಿಸಿದಳು. ಅಕ್ಕ ಓದುತ್ತಿದ್ದ ವಾಕ್ಯ ಅರ್ಧಕ್ಕೇ ಹಾಳೆಯ ಹಿಂದೆ ಹೋಯಿತು. ಹಾಗೆ ಹೋಗಲಿ ಎಂದೇ ಮಿಲಿಮೀಟರಮ್ಮ ಕೊನೆಯ ಪ್ಯಾರಾವನ್ನು ಬರೀ ಕಣ್ಣಾಡಿಸಿ ಮುಗಿಸಿದ್ದಳು.

ಆ ಹೆಸರು ಅವಳಿಗೆ ಬಂದದ್ದು ಕನ್ನಡಕದ ಅಂಗಡಿಯಲ್ಲಿ. ಅಲ್ಲಿ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಕುಳಿತು ಇಪ್ಪತ್ತು ವರ್ಷ ಗಾಜು ಅರೆದಿದ್ದಳು. ಫ್ರೇಮಿಗೂ ಗಾಜಿಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಆ ಗಾಜನ್ನು ಪಕ್ಕಕ್ಕಿಟ್ಟು ಹೊಸದನ್ನು ಅರೆಯುತ್ತಿದ್ದಳು. ಮುಂದಿನ ಕೌಂಟರಿನವರು ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ, ಮಿಲಿಮೀಟರಮ್ಮ ಎಂದು ಕರೆದರು. ಅವಳಿಗೆ ಬೇಸರವಾಗಲಿಲ್ಲ. ಸರಿಯಾದದ್ದನ್ನೇ ಹೇಳುತ್ತಿದ್ದಾರೆ ಎನಿಸಿತು.

ನಂತರ ಸಂಧಿವಾತ ಬಂತು. ಮೊದಲು ಮಣಿಕಟ್ಟು, ಆಮೇಲೆ ಬೆರಳು. ಹತ್ತೂ ಬೆರಳು ಒಳಕ್ಕೆ ಬಾಗಿ ಹಾಗೇ ನಿಂತವು. ಎರಡೂ ಅಂಗೈ ಸೇರಿಸಿ ಲೋಟ ಎತ್ತಬಲ್ಲಳು, ಆದರೆ ತೆಳ್ಳಗಿನ ಹಾಳೆ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಪೆನ್ಸಿಲಿನ ರಬ್ಬರು ತುದಿಯಿಂದ ತಿರುಗಿಸಲು ಹೋಗಿ ಗ್ರಂಥಾಲಯದ ಎರಡು ಪುಸ್ತಕ ಹರಿದು, ಇನ್ನೊಂದು ಹರಿದರೆ ಕಾರ್ಡು ರದ್ದು ಎಂದು ಅಲ್ಲಿಂದ ಎಚ್ಚರಿಕೆ ಬಂದಿತ್ತು. ಕೆಲಸ ಬಿಟ್ಟು ಅಕ್ಕನ ಎರಡು ಕೋಣೆಯ ಮನೆ ಸೇರಿದಳು. ಗಂಡ ತೀರಿಕೊಂಡ ಮೇಲೆ ಅಕ್ಕ ಬೀದಿ ತುದಿಯ ದರ್ಜಿಗೆ ಗುಂಡಿ, ಕಾಜಾ ಮಾಡಿಕೊಡುತ್ತಿದ್ದಳು. ಮರದ ಸ್ಟ್ಯಾಂಡಿನ ಮೇಲೆ ಪುಸ್ತಕ, ಅದರ ಮುಂದೆ ತಂಗಿ, ಪಕ್ಕದಲ್ಲಿ ಹಾಳೆ ತಿರುಗಿಸಲು ಅಕ್ಕ. ಆರು ವರ್ಷದಿಂದ ಆ ಮನೆ ನಡೆದದ್ದು ಹೀಗೆ.

ಅಕ್ಕ ಸುಮ್ಮನೆ ತಿರುಗಿಸುವವಳಲ್ಲ. ಬೆಳಗ್ಗೆ ಮಾತಿಗೆ ಮಾತು ಬೆಳೆದಿದ್ದರೆ “ಹ್ಞೂಂ” ಕೇಳಿಸಿಯೂ ಕೇಳಿಸದಂತೆ ಮೂರು ಗುಂಡಿ ಹೊಲಿಯುವಳು. ಕಥೆ ಬಿಗಿಯಾದ ಕಡೆ ಚೀಲ ಹಿಡಿದು ಅಂಗಡಿಗೆ ಹೊರಡುವಳು. ತಂಗಿಯ ತಲೆ ಬಾಚುವಾಗ ಸಿಕ್ಕು ಬಿಡಿಸದೆ ಎಳೆದು, ನಿನ್ನ ಮೈ ಹಗುರ, ನಾಲಿಗೆಯೇ ಭಾರ ಎನ್ನುವಳು. ಇದಕ್ಕೆಲ್ಲ ತಂಗಿಯ ಬಳಿ ಇದ್ದ ಉತ್ತರ ಆ ಒಂದು “ಹ್ಞೂಂ”.

ಏಕೆಂದರೆ ಅಕ್ಕ ಓದುತ್ತಿದ್ದಳು. ಕದ್ದು, ಓರೆಗಣ್ಣಿನಲ್ಲಿ, ಕೈಯಲ್ಲಿ ಸೂಜಿ ನಿಲ್ಲಿಸಿಕೊಂಡು. ತೊಟ್ಟಿಲಲ್ಲಿದ್ದ ತಂಗಿಯನ್ನು ನೋಡಿಕೊಳ್ಳಲೆಂದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಯೇ ಮುಂದೆ ಹೋಗಬೇಕಿತ್ತು. ಹೀಗಾಗಿ ಅವಳಿಗೆ ದಕ್ಕುತ್ತಿದ್ದದ್ದು ಇಡೀ ಎಡಪುಟ ಮತ್ತು ಬಲಪುಟದ ಮೇಲ್ಭಾಗ. ಕೆಳಭಾಗ ಎಂದೂ ದಕ್ಕಲಿಲ್ಲ. ಅವಳು ಓದಿದ ಕಥೆಗಳಲ್ಲಿ ಜನ ಕಾರಣವಿಲ್ಲದೆ ಸಾಯುತ್ತಿದ್ದರು, ಜಗಳವಾಡಿದವರು ಹಾಳೆ ತಿರುಗುವಷ್ಟರಲ್ಲಿ ಮದುವೆಯಾಗಿರುತ್ತಿದ್ದರು. ಓದುತ್ತಿದ್ದೇನೆ ಎಂದು ಅಕ್ಕ ಬಾಯಿಬಿಡಲಿಲ್ಲ, ಬಲ್ಲೆ ಎಂದು ತಂಗಿಯೂ ತೋರಿಸಿಕೊಳ್ಳಲಿಲ್ಲ. ಒಮ್ಮೆ ಒಂದು ಕೊಲೆಯ ಕಾದಂಬರಿ ಮುಗಿದು, ಪುಸ್ತಕ ಗ್ರಂಥಾಲಯಕ್ಕೆ ವಾಪಸಾದ ದಿನ, ಊಟಕ್ಕೆ ಕೂತಾಗ ಅಕ್ಕ ಗೋಡೆ ನೋಡುತ್ತಾ, ಕೊನೆಗೆ ಕೊಂದವನು ಯಾರಂತೆ ಎಂದು ಕೇಳಿದಳು. ಮಿಲಿಮೀಟರಮ್ಮ ಕೊಲ್ಲದವನ ಹೆಸರು ಹೇಳಿದಳು. ಅಕ್ಕ ಎರಡು ದಿನ ಆ ಬಡಪಾಯಿಯನ್ನು ಬೈದುಕೊಂಡು ಓಡಾಡಿದಳು.

ಆ ಭಾನುವಾರ ತಮ್ಮ ಬಂದ. ನೀರಿನ ಕಚೇರಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ಪುಸ್ತಕ ತಂದುಕೊಡುವವನು ಅವನೇ. ಈ ಸಲ ಪುಸ್ತಕದ ಜೊತೆ ಸಹೋದ್ಯೋಗಿಯಿಂದ ಕೇಳಿ ತಂದ ಒಂದು ಇ-ರೀಡರ್ ಇತ್ತು. ಸ್ಲೇಟಿಗಿಂತ ಚಿಕ್ಕದು, ಬೂದು ಬಣ್ಣದ್ದು, ಮೇಲೆ ಮುಚ್ಚಳ.

“ಚಿಕ್ಕಕ್ಕಾ, ಇದಕ್ಕೆ ಹಾಳೇನೇ ಇಲ್ಲ. ಬೆರಳಿನ ಗೆಣ್ಣು ತಾಗಿಸಿದ್ರೂ ಸಾಕು, ಮುಂದಿನ ಪುಟ ಬರುತ್ತೆ. ಎಡಗಡೆ ತಾಗಿಸಿದ್ರೆ ಹಿಂದಿನದು. ಒಂದು ವಾರ ಇಟ್ಕೊಂಡು ನೋಡು. ಒಗ್ಗಿದ್ರೆ ನಿನಗೇ ಒಂದು ತರಿಸೋಣ.”

ಅಡುಗೆಮನೆಯಿಂದಲೇ ಅಕ್ಕ ತಕರಾರು ತೆಗೆದಳು. ಕಣ್ಣು ಹೋಗುತ್ತದೆ, ಜಾರಿ ಬಿದ್ದು ಒಡೆಯುತ್ತದೆ, ಕರೆಂಟಿನ ವಸ್ತುವನ್ನು ಹಾಸಿಗೆಯ ಹತ್ತಿರ ಇಡಬಾರದು, ಅಷ್ಟಕ್ಕೂ ತಿರುಗಿಸಲು ತಾನಿಲ್ಲವೇ. ಒಂದು ಕಾರಣ ಮುಗಿಯುವುದರೊಳಗೆ ಇನ್ನೊಂದು ಬರುತ್ತಿತ್ತು. ತಮ್ಮನಿಗೆ ಅರ್ಥವಾಗಲಿಲ್ಲ. ಮಿಲಿಮೀಟರಮ್ಮನಿಗೆ ಅರ್ಥವಾಗಿ ಬಾಯಿ ತುರಿಸಿತು.

“ಅವಳ ಸಂಕಟ ಬೇರೆ ಕಣೋ. ದೊಡ್ಡಕ್ಕ ಹಾಳೆ ತಿರುಗಿಸೋದಷ್ಟೇ ಅಲ್ಲ, ಕದ್ದು ಓದ್ತಾಳೆ. ನಗು ಬರೋ ಸಾಲು ಸಿಕ್ಕಿದ್ರೆ ಮೂಗಲ್ಲೇ ಪುಸ್ ಅಂತಾಳೆ. ಆಗ ನಾನು ಎಲ್ಲಿರ್ತೀನಿ ಅಂತ ಎಣಿಸಿದೀನಿ. ಬೇರೆ ಬೇರೆ ಪುಸ್ತಕದಲ್ಲಿ ಎಣಿಸಿದೀನಿ. ನಾನು ಬಲಪುಟದ ಕೊನೆಗೆ ಬರೋ ಹೊತ್ತಿಗೆ ಅವಳು ಹತ್ತೊಂಬತ್ತು ಸಾಲು ಹಿಂದೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.”

ತಮ್ಮ ನಕ್ಕ. ನಗುತ್ತಾ ತಲೆಯೆತ್ತಿದವನು ಅಲ್ಲಿಗೇ ನಿಲ್ಲಿಸಿದ. ಬಾಗಿಲಲ್ಲಿ ಅಕ್ಕ ಚಹಾದ ಲೋಟ ಹಿಡಿದು ನಿಂತಿದ್ದಳು.

“ಸಕ್ಕರೆ ಹಾಕಿದೀನಿ,” ಎಂದಳು ಅಕ್ಕ. ಒಂದು ಹನಿಯೂ ಚೆಲ್ಲದಂತೆ ಲೋಟಗಳನ್ನಿಟ್ಟು, ಗುಂಡಿಯ ಡಬ್ಬಿ ಎತ್ತಿಕೊಂಡು ಆಚೆ ಕಿಟಕಿಯ ಬಳಿ ಹೋಗಿ ಕೂತಳು.

ಮಿಲಿಮೀಟರಮ್ಮ ಸ್ಟ್ಯಾಂಡಿನ ಮೇಲೆ ಇ-ರೀಡರ್ ಇಟ್ಟುಕೊಂಡು ಓದತೊಡಗಿದಳು. ಗೆಣ್ಣು ತಾಗಿಸಿದರೆ ಪುಟ. ಮತ್ತೆ ತಾಗಿಸಿದರೆ ಮತ್ತೊಂದು. ಯಾರನ್ನೂ ಕಾಯಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಮೊದಲ ದಿನ ಅವಳಿಗೆ ಎಷ್ಟು ಸುಖವಾಯಿತೆಂದರೆ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ. ಎರಡನೇ ದಿನ ನಗು ಬರುವ ಒಂದು ಸಾಲು ಸಿಕ್ಕಿತು. ಅದನ್ನು ದಾಟಿ ಮುಂದೆ ಹೋಗುತ್ತಾ ಅವಳ ಕಿವಿ ತನಗೆ ತಾನೇ ಪಕ್ಕಕ್ಕೆ ತಿರುಗಿತು. ಯಾವ ಸದ್ದೂ ಬರಲಿಲ್ಲ. ಅಕ್ಕ ದೂರದಲ್ಲಿದ್ದಳು. ಓಟದಲ್ಲಿ ಮುಂದಿದ್ದೇನೆ ಎನ್ನಲು ಹಿಂದೆ ಯಾರೂ ಇರಲಿಲ್ಲ.

ಬುಧವಾರ ಮಧ್ಯಾಹ್ನ ನಿದ್ದೆಯಿಂದೆದ್ದು ಮುಚ್ಚಳ ತೆಗೆದಾಗ ಅವಳು ಬಿಟ್ಟಿದ್ದ ಪುಟ ಇರಲಿಲ್ಲ. ಕಥೆಯ ಶುರುವಿನ ಯಾವುದೋ ಪುಟ ಇತ್ತು. ಕೆಟ್ಟಿತೇನೋ ಎಂದುಕೊಂಡು, ಗೆಣ್ಣು ತಾಗಿಸುತ್ತಾ ತನ್ನ ಜಾಗಕ್ಕೆ ಹೋದಳು. ಗುರುವಾರವೂ ಹಾಗೇ ಆಯಿತು. ಆದರೆ ಈಗ ಕಂಡದ್ದು ನಿನ್ನೆಗಿಂತ ನಾಲ್ಕು ಪುಟ ಮುಂದಿನದು. ಆಗ ಹೊಳೆಯಿತು. ತಾನು ಮಲಗಿದ ಮೇಲೆ ಅಕ್ಕ ಓದುತ್ತಿದ್ದಾಳೆ. ಮೊದಲಿನಿಂದ, ತನ್ನದೇ ನಿಧಾನದಲ್ಲಿ, ಒಂದು ಸಾಲೂ ಬಿಡದೆ. ಪುಸ್ತಕ ಮುಚ್ಚಿದ ಹಾಗೆ ಮುಚ್ಚಳ ಮುಚ್ಚಿದರೆ ಗುಟ್ಟೂ ಮುಚ್ಚಿತು ಎಂದುಕೊಂಡಿದ್ದಾಳೆ. ಬಿಟ್ಟ ಪುಟವನ್ನು ಈ ಯಂತ್ರ ನೆನಪಿಟ್ಟುಕೊಳ್ಳುತ್ತದೆ ಎಂದು ಅವಳಿಗೆ ಹೇಳಿದವರು ಯಾರು?

ಶುಕ್ರವಾರ ಮಧ್ಯಾಹ್ನ ಮಲಗುವ ಮುಂಚೆ ಮಿಲಿಮೀಟರಮ್ಮ ಆ ಕಥೆಯಿಂದ ಹೊರಬಂದು, ತಮ್ಮ ತುಂಬಿಸಿದ್ದ ಬೇರೊಂದು ಪುಸ್ತಕ ತೆರೆದು ಮುಚ್ಚಳ ಹಾಕಿದಳು. ತೋಟಗಾರಿಕೆಯ ಪುಸ್ತಕ. ಎದ್ದು ನೋಡಿದರೆ ಅದರ ಮೊದಲ ಪುಟ ಅಲ್ಲಾಡದೆ ಹಾಗೇ ಕೂತಿತ್ತು. ಅಲ್ಲಿಂದ ಹೊರಬರುವ ದಾರಿ ಅಕ್ಕನಿಗೆ ಗೊತ್ತಿಲ್ಲ, ಕೇಳುವ ಹಾಗೂ ಇಲ್ಲ. ಕಿಟಕಿಯ ಬಳಿ ಅವಳು ಕತ್ತರಿಯಿಂದ ದಾರ ಕತ್ತರಿಸಿ ಗುಂಡಿ ಬಿಚ್ಚುತ್ತಿದ್ದಳು. ಒಂದು ಅಂಗಿಗೆ ಪೂರ್ತಿ ತಪ್ಪು ಬದಿಯಲ್ಲಿ ಹೊಲಿದುಬಿಟ್ಟಿದ್ದಳು.

“ಕಣ್ಣು ಎಲ್ಲಿತ್ತು ಅಕ್ಕಾ?” ಎಂದಳು ಮಿಲಿಮೀಟರಮ್ಮ, ಬಹಳ ಮೆತ್ತಗೆ.

ಭಾನುವಾರ ತಮ್ಮ ಬಂದು, ಏನು ತೀರ್ಮಾನ ಮಾಡಿದೆ ಎಂದು ಕೇಳಿದ. ಮಿಲಿಮೀಟರಮ್ಮ ವಾರವಿಡೀ ಅದನ್ನೇ ತೂಗಿದ್ದಳು. ಒಂದು ತಟ್ಟೆಯಲ್ಲಿ ಯಾರ ಹಂಗೂ ಇಲ್ಲದ ಓದು. ಇನ್ನೊಂದರಲ್ಲಿ, ತಾನು ಮಲಗಿದಾಗಲೆಲ್ಲ ಒಂದೊಂದೇ ಪುಟ ಪೂರ್ತಿ ಮಾಡುತ್ತಾ ಮುಂದೆ ಬರುವ ಅಕ್ಕ. ಈ ವಸ್ತು ಮನೆಯಲ್ಲಿದ್ದರೆ ಹೊರಬರುವ ದಾರಿಯನ್ನು ಇವತ್ತಲ್ಲ ನಾಳೆ ಅವಳು ಕಂಡುಕೊಳ್ಳುತ್ತಾಳೆ.

ಅವಳು ಬಾಯಿ ತೆರೆಯುವ ಮುಂಚೆ ಅಕ್ಕ ಮಾತಾಡಿದಳು. ಆ ವಾರದಲ್ಲಿ ಅವಳಾಗಿ ಆಡಿದ ಮೊದಲ ಮಾತು.

“ಇರಲಿ ಬಿಡೋ ಅದು. ಅವಳಿಗೆ ಅನುಕೂಲ ಆಗಿದೆ.”

ತಮ್ಮ ಆಶ್ಚರ್ಯದಿಂದ ಇಬ್ಬರನ್ನೂ ನೋಡಿದ. ಹೋದ ವಾರ ಕರೆಂಟು, ಕಣ್ಣು ಎಂದವಳು ಇವಳೇ ತಾನೇ. ಮಿಲಿಮೀಟರಮ್ಮ ಅಕ್ಕನ ಮುಖವನ್ನೇ ನೋಡುತ್ತಾ ಉತ್ತರ ಕೊಟ್ಟಳು.

“ಬೇಡ. ಕಣ್ಣು ಉರಿಯುತ್ತೆ. ನನಗೆ ಹಾಳೇನೇ ಸರಿ. ತಿರುಗಿಸೋಕೆ ಅಕ್ಕ ಇದ್ದಾಳಲ್ಲ.”

ಉರಿಯಲಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಬೆಳಗ್ಗೆ ಸಂಜೆ ಆ ಕಣ್ಣು ತೊಳೆದು ಒರೆಸುವವಳು ಅವಳೇ. ಒಳಗೆ ಹೋಗಿ ಇ-ರೀಡರ್ ತಂದು, ಸೆರಗಿನಿಂದ ಒಮ್ಮೆ ಒರೆಸಿ ತಮ್ಮನ ಕೈಗಿಟ್ಟಳು.

ಅವನು ಹೋದ ಮೇಲೆ, ತಂದಿದ್ದ ಹೊಸ ಕಾದಂಬರಿ ಸ್ಟ್ಯಾಂಡಿಗೇರಿತು. ಕರೆಯದೆಯೇ ಅಕ್ಕ ಗುಂಡಿಯ ಡಬ್ಬಿ ಹಿಡಿದು ಹಳೆಯ ಜಾಗಕ್ಕೆ ಬಂದು ಕೂತಳು. ಮಿಲಿಮೀಟರಮ್ಮ ಸರಸರನೆ ಎಡಪುಟ ಮುಗಿಸಿದಳು, ಬಲಪುಟ ಮುಗಿಸಿದಳು. ಒಳಗೊಳಗೇ ಹಿಗ್ಗುತ್ತಾ “ಹ್ಞೂಂ” ಎಂದಳು.

ಹಾಳೆ ತಿರುಗಲಿಲ್ಲ.

“ಅಕ್ಕಾ, ಹ್ಞೂಂ ಅಂದೆ.”

“ಕೇಳಿಸ್ತು ಕಣೇ.”

ಅಕ್ಕ ಸೂಜಿ, ಅಂಗಿ ಎರಡನ್ನೂ ಡಬ್ಬಿಗೆ ಹಾಕಿ ಮುಚ್ಚಿದಳು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬಲಪುಟದ ಮಧ್ಯದ ಒಂದು ಸಾಲಿನ ಕೆಳಗೆ ತೋರುಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ಈಗ ಕದಿಯುವುದೇನೂ ಉಳಿದಿರಲಿಲ್ಲ. ಮಿಲಿಮೀಟರಮ್ಮನ ಬಾಗಿದ ಬೆರಳುಗಳು ಹಾಳೆಯ ಅಂಚಿಗೆ ಹೋಗಿ, ತಡವಿ, ಹಿಂದಕ್ಕೆ ಬಂದವು. ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ಗೊತ್ತಿದ್ದ ಲೆಕ್ಕವನ್ನೇ, ಅಕ್ಕನ ಬೆರಳಿಟ್ಟ ಸಾಲಿನಿಂದ ಪುಟದ ತಳದವರೆಗೆ, ಇನ್ನೊಮ್ಮೆ ಎಣಿಸಿದಳು. ಹತ್ತೊಂಬತ್ತು.