ಸೀದಾ ಗಂಟು, ಉಲ್ಟಾ ಗಂಟು

ನಾನು ಕಲಿತದ್ದು ಎರಡನೆಯ ಇಯತ್ತೆ. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ. ಇದನ್ನೂ ಅಕ್ಷರ ಕೂಡಿಸಿ ಕೂಡಿಸಿ ಬರೆದಿದ್ದೇನೆ. ರಬಕವಿಯಲ್ಲಿ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದು ನನ್ನ ಕೆಲಸ.

ಮಗಳ ಮಗಳು ನನ್ನ ಹತ್ತಿರವೇ ಇದ್ದು ಜಮಖಂಡಿಗೆ ಎಮ್ಮೆಸ್ಸಿ ಗಣಿತ ಓದಲು ಹೋಗುತ್ತಾಳೆ. ಮೊದಲ ವರ್ಷ ಬೀಜಗಣಿತದಲ್ಲಿ ಫೇಲಾಗಿ, ಪುಸ್ತಕ ಹಿಡಿದು ನನ್ನ ಪಕ್ಕ ಬಂದು ಕೂತಳು.

"ಇದರಾಗ ಅಂಕಿನ ಇಲ್ಲ ಬೇ ಆಯಿ. ಬರೇ ಗ್ರೂಪು, ಗ್ರೂಪು."

"ನಮ್ಮ ಹೆಣಮಕ್ಕಳ ಸಂಘ ಇದ್ದಂಗೇನು?"

"ಹಂಗಿದ್ರ ನೀನ ಪರೀಕ್ಷೆ ಬರೀತಿದ್ದಿ ಬಿಡು."

ಕೌದಿಯ ಒಂದು ಚೌಕ ತುಂಡು ತೆಗೆದುಕೊಂಡು, ನಾಲ್ಕು ಮೂಲೆಗೆ ನಾಲ್ಕು ಬಣ್ಣದ ದಾರ ಕಟ್ಟಿದಳು. ಇದನ್ನು ಅದೇ ಜಾಗದಲ್ಲಿ ಎಷ್ಟು ರೀತಿ ಇಡಬಹುದು ಎಂದು ಕೇಳಿದಳು. ತಿರುಗಿಸಿ ನೋಡಿ ನಾಲ್ಕು ಎಂದೆ. ಪುಸ್ತಕದಲ್ಲಿ ಎಂಟು ಇದೆ ಎಂದಳು.

"ಉಲ್ಟಾ ಹಾಕಿದ್ರ ಇನ್ನ ನಾಕು ಬರ್ತಾವಲ್ಲ?"

"ಕೌದ್ಯಾಗ ಅರಬಿ ತುಂಡ ಉಲ್ಟಾ ಯಾರ ಹಾಕ್ತಾರ ಲೇ? ಹುಚ್ಚಿ."

ಅವಳು ನಕ್ಕಳು. ನಾನು ನಗಲಿಲ್ಲ. ಆ ತುಂಡನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತೆ. ಬರೀ ತಿರುಗಿಸಿದರೆ ಸೀದಾ ಸೀದಾ ಆಗಿಯೇ ಉಳಿಯುತ್ತದೆ. ಉಲ್ಟಾ ಮಾಡಿದ್ದನ್ನು ಮತ್ತೆ ಉಲ್ಟಾ ಮಾಡಿದರೆ ಸೀದಾ.

ನಾಲ್ಕು ದಿನದ ಮೇಲೆ ಅವಳು ಕ್ವೋಶಂಟ್ ಗ್ರೂಪ್ ಎಂಬಲ್ಲಿ ಸಿಕ್ಕಿಬಿದ್ದು ಅತ್ತಳು. ಆ ಎಂಟು ರೀತಿಗಳನ್ನು ಎರಡೇ ಮಾಡಬೇಕಂತೆ, ಹೇಗೆಂದು ತಿಳಿಯುತ್ತಿಲ್ಲವಂತೆ.

"ಅರಬಿ ಕಟ್ಟಿದಂಗ ಎರಡ ಗಂಟ ಕಟ್ಟು," ಎಂದೆ. "ಸೀದಾ ನಾಕೂ ಒಂದ ಗಂಟಿನಾಗ, ಉಲ್ಟಾ ನಾಕೂ ಒಂದ ಗಂಟಿನಾಗ. ಯಾವ ಕಡೆ ತಿರುಗೇತಿ ಅಂತ ನೋಡಬ್ಯಾಡ. ಯಾವ ಗಂಟಿಂದು ಅಂತಷ್ಟ ನೋಡು. ಉಲ್ಟಾಕ್ಕ ಉಲ್ಟಾ ಕೂಡಿದ್ರ ಸೀದಾ. ಮುಗೀತು."

ಪೆನ್ನು ಕೆಳಗಿಟ್ಟಳು. "ಬರೇ ಇಷ್ಟ ಏನು?"

"ಇಷ್ಟ."

ನನ್ನ ಕೊರಳಿಗೆ ಜೋತುಬಿದ್ದಳು. ಕಾಲೇಜಿನಲ್ಲಿ ಇದರ ಮೇಲೆ ಮಾತಾಡುವುದಿದೆ, ಎಲ್ಲರ ಮುಂದೆ ಇದು ನಮ್ಮ ಆಯಿ ಹೇಳಿದ್ದು ಅನ್ನುತ್ತೇನೆ, ನೀನೂ ಬಾ ಎಂದಳು. ಮಾತು ಕೊಟ್ಟಳು. ನನಗೆ ಆಸೆ ಹುಟ್ಟಿತು. ಹುಟ್ಟಲಿಲ್ಲವೆಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷದಲ್ಲಿ ನಾನು ಹೊಲಿದದ್ದನ್ನು ಹೊಗಳಿದವರುಂಟು, ವಿಚಾರ ಮಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ತೊಡೆಯ ಮೇಲೆ ಕೌದಿ ಇಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತೆ. ಅವಳು ಬೋರ್ಡಿನ ಮೇಲೆ ಎರಡು ಗಂಟು ಬರೆದು ಚೆನ್ನಾಗಿಯೇ ಹೇಳಿದಳು. ದೊಡ್ಡ ಸರ್ ತಲೆದೂಗಿದರು.

"ಗಂಟು! ಹೆಸರ ಛಲೋ ಐತಿ. ಎಲ್ಲಿಂದ ಬಂತು?"

ಅವಳು ನನ್ನ ಕಡೆ ನೋಡಿದಳು. ಆಮೇಲೆ ಬೋರ್ಡಿನ ಕಡೆ ತಿರುಗಿದಳು.

"ನನಗ ಹೊಳೀತ್ರಿ ಸರ್."

"ಈ ಅಜ್ಜಿ ಯಾರು?"

"ನಮ್ಮ ಆಯಿರಿ. ಕೌದಿ ತೋರಸಾಕ ಕರಕೊಂಡ ಬಂದೇನ್ರಿ. ಆಕಿಗೆ ಇದೆಲ್ಲಾ ತಿಳ್ಯಾಂಗಿಲ್ರಿ."

ಸರ್ ನನಗೂ ಒಂದು ಪ್ರಶ್ನೆ ಕೇಳಿದರು, ಒಂದು ಕೌದಿ ಹೊಲಿಯಲು ಎಷ್ಟು ದಿನ ಬೇಕೆಂದು. ಒಂದು ತಿಂಗಳು ಎಂದೆ. ಗಂಟು ನನ್ನದೆಂದು ಹೇಳಿದ್ದರೆ ಅವಳು ಎಲ್ಲರ ಮುಂದೆ ಸುಳ್ಳಿಯಾಗುತ್ತಿದ್ದಳು. ಹೇಳದೆ ನಾನು ದಡ್ಡಿಯಾದೆ.

ಬಸ್ಸಿನಲ್ಲಿ ಅವಳೇ ಬಾಯಿ ಬಿಟ್ಟಳು. "ಸಿಟ್ಟ ಬಂತೇನ ಬೇ? ನೀ ಹೇಳಿದ್ದು ಅಂದಿದ್ರ ಎಲ್ಲಾರೂ ನಗ್ತಿದ್ರು."

"ಯಾರ್ನ ನೋಡಿ? ನನ್ನೋ, ನಿನ್ನೋ?"

ಆ ಪೇಪರು ಪಾಸಾದಳು. ಮುಂದಿನ ಪಾಠ ರಿಂಗ್ ಅಂತೆ. ಮತ್ತೆ ಪುಸ್ತಕ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಅದರಲ್ಲಿ ಕೂಡಿಸುವುದೂ ಗುಣಿಸುವುದೂ ಎರಡೂ ಒಟ್ಟಿಗೇ ಇರುತ್ತವೆ, ಒಂದಕ್ಕೊಂದು ಹೇಗೆ ಹೊಂದುತ್ತವೋ ತಿಳಿಯುತ್ತಿಲ್ಲ ಎಂದಳು.

"ನನಗೇನ ತಿಳೀತೈತಿ? ನಿಮ್ಮ ಸರ್‌ನ ಕೇಳ ಹೋಗು."

ಅವಳು ಪುಸ್ತಕ ಮಡಚಿಕೊಂಡು ಎದ್ದುಹೋದಳು. ಎರಡೂ ಒಟ್ಟಿಗೆ ಹೇಗೆ ಇರುತ್ತವೆ ಎಂದು ಕೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.