ಕುದಿಯದ ಕಾಳು

ಹೆರಿಗೆ ಆಸ್ಪತ್ರೆಯ ಅಡುಗೆಮನೆಗೆ ಹೊಸ ಕರೆಂಟ್ ಪಾತ್ರೆ ಬಂದು ಮೂರು ದಿನವಾಗಿತ್ತು. ಸೊಂಟದೆತ್ತರದ ಪಾತ್ರೆ. ಸದ್ದಿಲ್ಲ, ಹೊಗೆಯಿಲ್ಲ. ನೀರು ಸುರಿದು ಗುಂಡಿ ತಿರುಗಿಸಿಬಿಟ್ಟರೆ ತನ್ನ ಪಾಡಿಗೆ ತಾನು ಬೇಯಿಸುತ್ತಿರುತ್ತಿತ್ತು. ಪಾತ್ರೆ ತಿಕ್ಕುವವಳು ಅದಕ್ಕೆ ‘ಹೊಸ ಸೊಸೆ’ ಎಂದು ಹೆಸರಿಟ್ಟಿದ್ದಳು.

“ನೋಡಕ್ಕಾ, ಎದುರು ಮಾತಿಲ್ಲ, ಮುನಿಸಿಲ್ಲ. ಇಂಥವಳು ನಂಗೂ ಒಬ್ಬಳು ಸಿಕ್ಕಿದ್ರೆ ಕಾಲು ಚಾಚಿ ಕೂತಿರ್ತಿದ್ದೆ.”

“ನಿನ್ನ ಕೈಗೆ ಸಿಕ್ಕಿದ್ರೆ ಮಾರನೇ ದಿನವೇ ತವರಿಗೆ ಓಡಿರೋಳು, ಹೋಗೇ” ಎಂದಳು ಬೀಜಮ್ಮ.

ಬೀಜಮ್ಮ ಎನ್ನುವುದು ಅವಳ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಆ ಆಸ್ಪತ್ರೆಯ ಅಡುಗೆ ಅವಳ ಕೈಯದು. ಅವಳ ಸೆರಗಿನ ತುದಿಯಲ್ಲಿ ಯಾವಾಗಲೂ ಹುರಿದ ಕುಂಬಳದ ಬೀಜವೋ ಕರ್ಬೂಜದ ಬೀಜವೋ ಗಂಟು ಕಟ್ಟಿರುತ್ತಿತ್ತು. ಹಾಲು ಸಾಲದೆ ಅಳುವ ಬಾಣಂತಿಯ ಅಂಗೈಗೆ ಒಂದು ಹಿಡಿ ಸುರಿದು, “ಮೊದಲು ನೀನು ತಿನ್ನು, ಆಮೇಲೆ ಅಳುವಿಯಂತೆ” ಅನ್ನುತ್ತಿದ್ದಳು. ಎಲ್ಲರೂ ಎಸೆಯುವ ಬೀಜಗಳನ್ನು ತೊಳೆದು, ಒಣಗಿಸಿ, ಹುರಿದು ಅವಳ ತಾಯಿ ಐದು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ಮಾಂಸ ಕೊಳ್ಳುವ ಮನೆಯಲ್ಲ ಅದು, ಹಾಲು ಕೊಳ್ಳುವ ಮನೆಯೂ ಅಲ್ಲ. ಮೂಳೆಗೆ ಎಳ್ಳು, ರಕ್ತಕ್ಕೆ ಕಾಳು, ಹೊಟ್ಟೆ ತುಂಬಲು ಧಾನ್ಯ. ಎಲ್ಲವೂ ಬೀಜವೇ. ದೇವರು ಬಡವರಿಗೆಂದು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಊಟ ತುಂಬಿಟ್ಟಿದ್ದಾನೆ ಎಂದು ಬೀಜಮ್ಮ ನಂಬಿಕೊಂಡಿದ್ದಳು.

ಆ ಡಬ್ಬಿಗೆ ಬೀಗವೂ ಇರುತ್ತದೆಂದು ಅವಳಿಗೆ ಕಲಿಸಿದ್ದು ಅವಳಿಗೆ ಕೆಲಸ ಹೇಳಿಕೊಟ್ಟ ಹಳೆಯ ಅಡುಗೆಯವನು. “ಬೀಜ ಅಂದ್ರೆ ಗಿಡ ತನ್ನ ಮಗೂಗೆ ಕಟ್ಟಿಕೊಟ್ಟ ಬುತ್ತಿ ಕಣಮ್ಮ. ನೀನು ಕಸಿದುಕೊಂಡು ತಿನ್ನೋಕೆ ಹೋದ್ರೆ ಸುಮ್ನೆ ಕೊಡುತ್ತಾ? ಒಳಗೆ ವಿಷ ಇಟ್ಟಿರುತ್ತೆ. ನೆನೆಸು, ಆ ನೀರು ಚೆಲ್ಲು, ಆಮೇಲೆ ಕೊತಕೊತ ಅಂತ ಅರ್ಧ ಗಂಟೆ ಕುದಿಸು. ಅದರಲ್ಲೂ ಈ ಕೆಂಪು ರಾಜ್ಮಾ ಇದೆಯಲ್ಲ, ಇದು ಮಹಾ ಹಟಮಾರಿ.” ಕಟ್ಟಡ ಕೆಲಸದ ಜಾಗದಲ್ಲಿ ಅರೆಬೆಂದ ರಾಜ್ಮಾ ತಿಂದ ಹದಿನಾಲ್ಕು ಜನ ಆಳುಗಳು ಮಧ್ಯಾಹ್ನವೆಲ್ಲ ಹೊಟ್ಟೆ ಹಿಡಿದು ನೆಲದ ಮೇಲೆ ಹೊರಳಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಅಂದಿನಿಂದ ಬೀಜಮ್ಮನದು ಒಂದೇ ಪರೀಕ್ಷೆ. ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತುವುದು. ಬೆಣ್ಣೆಯಂತೆ ಮೆತ್ತಗಾದರೆ ಬೆಂದಿದೆ. ಇಷ್ಟು ವರ್ಷ ಬೆಂಕಿಯ ಮೇಲೆ ದೊಡ್ಡ ಹಂಡೆಯಲ್ಲಿ ಬೇಯಿಸಿದವಳಿಗೆ ಆ ಎರಡು ಬೆರಳು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಮೊದಲೆರಡು ದಿನ ಹೊಸ ಪಾತ್ರೆಯಲ್ಲಿ ಅನ್ನ, ತರಕಾರಿ ಆಗಿತ್ತು. ಮೂರನೇ ದಿನ ಕಾಳಿನ ಸೂಪಿನ ಸರದಿ. ಹಿಂದಿನ ದಿನವೇ ನೆನೆಹಾಕಿದ್ದ ರಾಜ್ಮಾ ಬಸಿದು, ತೊಳೆದು, ಬೆಳಗ್ಗೆ ಐದಕ್ಕೆ ಪಾತ್ರೆಗೆ ಹಾಕಿದಳು. ಗುಂಡಿಯ ಮೇಲೆ ಕಡಿಮೆ ಶಾಖಕ್ಕೆ ಚಿಕ್ಕ ಗುರುತು, ಹೆಚ್ಚಿನದಕ್ಕೆ ದೊಡ್ಡ ಗುರುತು ಎಂದು ಎರಡಿದ್ದವು. ಚಿಕ್ಕದಕ್ಕೇ ಇಡಿ, ಕರೆಂಟ್ ಉಳಿಯುತ್ತೆ ಎಂದು ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು. ಅವಳು ಚಿಕ್ಕದಕ್ಕೇ ಇಟ್ಟಳು. ಹನ್ನೊಂದೂವರೆಗೆ ಒಂದು ಕಾಳು ತೆಗೆದು ಒತ್ತಿದಳು. ಬೆಣ್ಣೆ. ಒಗ್ಗರಿಸಿದ ಈರುಳ್ಳಿ, ಉಪ್ಪು ಬೆರೆಸಿ, ಮೂವತ್ತೆಂಟು ಬಟ್ಟಲಿಗೆ ಬಡಿಸಿದಳು. ಊಟದ ಗಾಡಿಯವಳು ಅವನ್ನು ತಳ್ಳಿಕೊಂಡು ಲಿಫ್ಟಿನೊಳಗೆ ಹೋದಳು.

ಪಾತ್ರೆ ತಿಕ್ಕುವವಳು ತೊಟ್ಟಿಯ ಹತ್ತಿರ ಹೊಸ ಪಾತ್ರೆಯ ಮುಚ್ಚಳ ಎತ್ತಿ ಹಿಡಿದು ನಕ್ಕಳು. “ಅಕ್ಕಾ, ಇಲ್ಲಿ ನೋಡು! ಯಾವಾಗ್ಲೂ ಕಾಳು ಬೇಯಿಸಿದ ದಿನ ನೊರೆ ಉಕ್ಕಿ ಅಂಟಿಕೊಂಡು ನನ್ನ ಉಗುರೆಲ್ಲ ಸವೆದು ಹೋಗುತ್ತೆ. ಇವತ್ತು ಕನ್ನಡಿ ಹಾಗಿದೆ. ಮುಖ ನೋಡ್ಕೋಬಹುದು.”

ಬೀಜಮ್ಮನೂ ನಗಲು ಬಾಯಿ ತೆರೆದಳು. ಮುಚ್ಚಳವನ್ನು ಇನ್ನೊಮ್ಮೆ ನೋಡಿದಳು.

ಅವಳು ಹೋಗಿ ಪಾತ್ರೆಯೊಳಗೆ ಬಗ್ಗಿದಳು. ಅಂಚಿನಲ್ಲಿ ನೊರೆಯ ಗೆರೆ ಇಲ್ಲ. ಗೋಡೆಯಲ್ಲಿ ಒಣಗಿದ ಹನಿ ಇಲ್ಲ. ರಾಜ್ಮಾ ಕುದಿದರೆ ಉಕ್ಕದೆ ಇರುವುದಿಲ್ಲ. ಉಕ್ಕಿದರೆ ಗುರುತು ಬಿಡದೆ ಇರುವುದಿಲ್ಲ. ಆರೂವರೆ ಗಂಟೆ ಬಿಸಿನೀರಿನಲ್ಲಿ ಕೂತು ಕಾಳು ಮೆತ್ತಗಾಗಿದೆ. ಒಂದು ಸಲವೂ ಕುದಿದಿಲ್ಲ, ಒಳಗಿನ ವಿಷ ಹಾಗೇ ಇದೆ.

“ಗಾಡಿ ಯಾವಾಗ ಹೋಯ್ತು?”

“ಈಗ ತಾನೇ. ಐದು ನಿಮಿಷ ಆಗಿರಬೇಕು. ಯಾಕಕ್ಕಾ, ಮುಖ ಯಾಕೆ ಹಾಗೆ...”

ಉತ್ತರ ಕೊಡಲು ಬೀಜಮ್ಮ ಅಲ್ಲಿರಲಿಲ್ಲ. ಲಿಫ್ಟ್ ಮೇಲಿತ್ತು. ಮಂಡಿನೋವಿನ ಹೆಂಗಸು, ಒಂದು ಮಹಡಿ ಹತ್ತಲು ಎರಡು ಸಲ ಕೂರುವವಳು, ಮೂರು ಮಹಡಿಯನ್ನು ಕಂಬಿ ಹಿಡಿದು ಒಂದೇ ಉಸಿರಿಗೆ ಹತ್ತಿದಳು. ದೇವರೇ, ನಿಧಾನ ಮಾಡಿಸು, ಅವಳ ಗಾಡಿಯ ಚಕ್ರ ಸಿಕ್ಕಿಸು, ಏನಾದರೂ ಮಾಡು ಎಂದು ಮೆಟ್ಟಿಲು ಮೆಟ್ಟಿಲಿಗೂ ಬೇಡಿಕೊಂಡಳು.

ವಾರ್ಡಿನ ಬಾಗಿಲಲ್ಲಿ ಅವಳಿಗೆ ಕೇಳಿಸಿದ್ದು ಚಮಚಗಳ ಸದ್ದು.

“ತಿನ್ನಬೇಡಿ! ಯಾರೂ ತಿನ್ನಬೇಡಿ, ಕೆಳಗಿಡಿ!”

ನರ್ಸ್ ಗಾಬರಿಯಾಗಿ ಎದ್ದಳು. “ಏನು ಬೀಜಮ್ಮ ಇದು? ಮಕ್ಕಳೆಲ್ಲ ಎದ್ದುಬಿಡ್ತಾವೆ.”

“ಏಳಲಿ ತಾಯಿ. ಕಾಳು ಬೆಂದಿಲ್ಲ.”

“ಬೆಣ್ಣೆ ಹಾಗಿದೆಯಲ್ರೀ!” ಎಂದಳು ಕಿಟಕಿ ಪಕ್ಕದ ಬಾಣಂತಿ, ಚಮಚ ತುಟಿಯ ಹತ್ತಿರ ಹಿಡಿದುಕೊಂಡೇ. ಬೀಜಮ್ಮ ಆ ಚಮಚವನ್ನು ಕೈಯಿಂದಲೇ ಕಿತ್ತುಕೊಂಡಳು. ಒಂದೊಂದೇ ಮಂಚಕ್ಕೆ ಹೋಗಿ ಬಟ್ಟಲು ಎತ್ತಿದಳು. ಕೆಲವರು ಇನ್ನೂ ಮಗುವಿಗೆ ಹಾಲು ಕೊಡುತ್ತಿದ್ದರು, ಕೆಲವರು ಆರಲೆಂದು ಇಟ್ಟಿದ್ದರು. ಒಬ್ಬಳು ಲೋಟದ ನೀರಷ್ಟೇ ಕುಡಿದಿದ್ದಳು. ಹನ್ನೊಂದನೇ ಮಂಚದ ಬಟ್ಟಲು ಖಾಲಿಯಾಗಿತ್ತು.

ಅದು ಅವಳಿಜವಳಿ ಹೆತ್ತ ಹುಡುಗಿಯ ಮಂಚ. ಹಸಿವು ಹಸಿವು ಎನ್ನುತ್ತಿದ್ದವಳು. ಅವಳ ತಾಯಿ ಒಂದೊಂದು ತೋಳಿನಲ್ಲಿ ಒಂದೊಂದು ಮಗುವನ್ನು ಹಿಡಿದು ಕುಳಿತಿದ್ದಳು.

“ಎಲ್ಲಾ ತಿಂದ್ಯಾ ಮಗಳೇ?”

“ತುಂಬ ಚೆನ್ನಾಗಿತ್ತು” ಎಂದಳು ಹುಡುಗಿ, ತಪ್ಪು ಮಾಡಿದವಳಂತೆ.

ಡಾಕ್ಟರಮ್ಮ ಬಂದರು. ಬೀಜಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹಿಂದೆಯೇ ಓಡಿಬಂದ ಮೇಲ್ವಿಚಾರಕರು, “ಹೊಸ ಯಂತ್ರ ಮೇಡಂ, ಅದರದ್ದೇ ಏನೋ ದೋಷ” ಎಂದು ಶುರುಮಾಡಿದರು.

“ಯಂತ್ರಕ್ಕೇನು ಗೊತ್ತು ಸಾರ್? ಒತ್ತಿ ನೋಡಿ ಸರಿಯಾಗಿದೆ ಅಂತ ಕಳಿಸಿದ್ದು ನನ್ನ ಬೆರಳು.”

ಡಾಕ್ಟರಮ್ಮ ಗಡಿಯಾರ ನೋಡಿದರು. “ಒಂದರಿಂದ ಮೂರು ಗಂಟೆಯೊಳಗೆ ಗೊತ್ತಾಗುತ್ತೆ. ವಾಂತಿ ಆಗಬಹುದು, ಭೇದಿ ಆಗಬಹುದು. ಡ್ರಿಪ್ ಸಿದ್ಧ ಮಾಡಿಡಿ. ಮಕ್ಕಳಿಗೆ ಹಾಲು ಕೊಡೋದು ನಿಲ್ಲಿಸಬೇಡಿ.”

ಹುಡುಗಿಯ ತಾಯಿ ಬೀಜಮ್ಮನ ಕಡೆ ತಿರುಗಿದಳು. “ಮೂರು ದಿನದ ಬಾಣಂತಿ ಇವಳು. ಮೈಯಲ್ಲಿ ಏನು ಉಳಿದಿದೆ ವಾಂತಿ ಮಾಡೋಕೆ? ನೀವೆಲ್ಲ ಅಡುಗೆಯವರೋ ಕಟುಕರೋ?”

“ಬೈಯಿರಿ ಅಮ್ಮ” ಎಂದಳು ಬೀಜಮ್ಮ. ಸ್ಟೂಲು ಎಳೆದುಕೊಂಡು ಮಂಚದ ಕಾಲ ಬಳಿ ಕುಳಿತಳು. ಉಳಿದವರಿಗೆ ಕೆಳಗಿನಿಂದ ಅನ್ನ ಮೊಸರು ತರುವಂತೆ ಗಾಡಿಯವಳಿಗೆ ಹೇಳಿದಳು.

ಒಂದೂವರೆಗೆ ಏನೂ ಆಗಲಿಲ್ಲ. ಎರಡಕ್ಕೂ ಆಗಲಿಲ್ಲ. “ಸುಮ್ಮನೆ ಹೆದರಿಸಿದ್ರಿ” ಎಂದು ಹುಡುಗಿ ನಕ್ಕಳು. ಬೀಜಮ್ಮ ಅವಳ ಹಣೆಯನ್ನೇ ನೋಡುತ್ತಿದ್ದಳು. ಎರಡೂ ಹತ್ತಕ್ಕೆ ಅಲ್ಲಿ ಬೆವರು ಮೂಡಿತು. ತುಟಿ ಬಿಳುಪಾಯಿತು. “ಅಮ್ಮಾ, ಏನೋ ಆಗ್ತಿದೆ” ಎನ್ನುವಷ್ಟರಲ್ಲಿ ಬೀಜಮ್ಮ ಬೇಸಿನ್ ಹಿಡಿದಾಗಿತ್ತು.

ಮುಂದಿನ ಎರಡು ಗಂಟೆ ಯಾರಿಗೂ ಬೇಡ. ಹೊಲಿಗೆ ಹಾಕಿದ ಹೊಟ್ಟೆಯನ್ನು ತಾಯಿ ದಿಂಬಿನಿಂದ ಅದುಮಿ ಹಿಡಿದಳು, ಬೀಜಮ್ಮ ಹಣೆ ಹಿಡಿದಳು, ನರ್ಸ್ ಸೂಜಿಗೆ ನರ ಹುಡುಕಿದಳು. ಒಂದು ಸಲ ಹುಡುಗಿ ಕಣ್ಣು ಮುಚ್ಚಿ ಉತ್ತರ ಕೊಡದೆ ಹೋದಳು. ಡಾಕ್ಟರಮ್ಮ ಕೆನ್ನೆ ತಟ್ಟಿ ಕರೆಯುತ್ತಿದ್ದಾಗ, ನನ್ನ ಆಯುಷ್ಯದಲ್ಲಿ ಎಷ್ಟು ಬೇಕೋ ಅಷ್ಟು ತೆಗೆದುಕೋ ಎಂದು ಬೀಜಮ್ಮ ಒಳಗೊಳಗೇ ಹೇಳಿದಳು. ಹುಡುಗಿ ಕಣ್ಣು ತೆರೆದಳು.

ನಾಲ್ಕೂವರೆಯ ಹೊತ್ತಿಗೆ ಒಂದು ಚಮಚ ನೀರು ಒಳಗೆ ನಿಂತಿತು. ಐದಕ್ಕೆ ಇನ್ನೆರಡು. ಐದೂವರೆಗೆ ಅವಳು ಒಂದು ಮಗುವನ್ನು ಕೇಳಿ ತೆಗೆದುಕೊಂಡಳು. “ಇನ್ನು ಪರವಾಗಿಲ್ಲ. ರಾತ್ರಿ ಸ್ವಲ್ಪ ತೆಳ್ಳಗಿನ ಬೇಳೆಕಟ್ಟು ಕೊಡಿ” ಎಂದರು ಡಾಕ್ಟರಮ್ಮ.

ಬೀಜಮ್ಮ ಎದ್ದು ಅಡುಗೆಮನೆಗೆ ಇಳಿದಳು. ಹಿಂದೆ ಚಪ್ಪಲಿ ಸದ್ದು. ತಿರುಗಿದರೆ ಹುಡುಗಿಯ ತಾಯಿ.

“ನಾನು ನಿಂತು ನೋಡ್ತೀನಿ.”

“ನೋಡಬೇಕು ಅಮ್ಮ. ಬನ್ನಿ.”

ಹೊಸ ಪಾತ್ರೆಯ ವೈರ್ ಕಿತ್ತು ಗೋಡೆಗೆ ಸರಿಸಿದ್ದರು. ಬೀಜಮ್ಮ ಗ್ಯಾಸ್ ಒಲೆ ಹಚ್ಚಿ, ಮುಚ್ಚಳವಿಲ್ಲದೆ ಬೇಳೆ ಇಟ್ಟಳು. ಕುದಿ ಬಂತು. ಬೇಳೆ ಒಡೆಯಿತು, ಕರಗಿತು. ಅವಳ ಬೆರಳು ಅಭ್ಯಾಸಬಲದಿಂದ ಸೌಟಿನತ್ತ ಹೋಗಿ ಹಿಂದಕ್ಕೆ ಬಂತು. “ಸಾಕಾ?” ಎಂದು ಆ ತಾಯಿಯನ್ನೇ ಕೇಳಿದಳು.

“ಇನ್ನೂ ಕುದೀಲಿ.”

“ಆಗಲಿ.”

ಇಪ್ಪತ್ತು ನಿಮಿಷದ ಮೇಲೆ ಆ ತಾಯಿ ತಾನೇ ಒಲೆ ಆರಿಸಿದಳು. ಒಂದು ಬಟ್ಟಲು ಬಗ್ಗಿಸಿಕೊಂಡು, ಉಪ್ಪೂ ಹಾಕದೆ, ನಿಂತಲ್ಲೇ ಕುಡಿದು ಮುಗಿಸಿದಳು. ಗಡಿಯಾರದ ಕಡೆ ನೋಡಿದಳು.

“ಮೊದಲು ನಂಗೆ ಏನಾಗುತ್ತೋ ನೋಡೋಣ. ಆಮೇಲೆ ಮೇಲಕ್ಕೆ ಹೋಗಲಿ.”

ಬೇಳೆಯಲ್ಲಿ ಆ ವಿಷವಿಲ್ಲ ಎಂದು ಬೀಜಮ್ಮನಿಗೆ ಗೊತ್ತಿತ್ತು. ಆದರೂ ತಾನೂ ಒಂದು ಬಟ್ಟಲು ಬಗ್ಗಿಸಿಕೊಂಡು ಕುಡಿದಳು. ಎರಡು ಸ್ಟೂಲು ಎಳೆದು ಹಾಕಿದಳು. ಇಬ್ಬರೂ ಗಡಿಯಾರಕ್ಕೆ ಎದುರಾಗಿ ಕುಳಿತರು.