ಕಣ್ಣು ಮುಚ್ಚದ ಕಾಕಾ

ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಬಸಲಿಂಗ ಕಾಕಾ ಒಬ್ಬರೇ ಕಣ್ಣು ತೆರೆದು ಕೂತಿರುತ್ತಿದ್ದರು. ಇದು ನನಗೆ ಹೇಗೆ ಗೊತ್ತು ಎಂದರೆ, ನಾನೂ ಕದ್ದು ಕಣ್ಣು ತೆರೆಯುತ್ತಿದ್ದೆ. ಯಾವಾಗ ನೋಡಿದರೂ ಅವರು ನಮ್ಮ ಮನೆಯ ಬಾಗಿಲ ಕಡೆಗೇ ನೋಡುತ್ತಿರುತ್ತಿದ್ದರು. ಒಂದು ದಿನ ತಡೆಯಲಾರದೆ ಯಾಕೆಂದು ಕೇಳಿಯೇಬಿಟ್ಟೆ.

“ನೀವು ದೇವರನ್ನ ಬಾ ಬಾ ಅಂತ ಕರೀತೀರಿ, ಕರದು ಕಣ್ಣು ಮುಚ್ಚಿಕೊಂತೀರಿ. ಖರೇನ ಬಂದ್ರ ನೋಡೋರು ಯಾರವಾ? ಅದಕ್ಕ ನಾ ಬಾಗಲಾ ನೋಡತೇನಿ.”

ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಅವರು ತಮಾಷೆ ಮಾಡುತ್ತಿದ್ದಾರೋ ನಿಜವಾಗಿ ಹೇಳುತ್ತಿದ್ದಾರೋ ಎನ್ನುವುದು ನನಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ.

ನನ್ನ ಅಪ್ಪ ಮುನವಳ್ಳಿಯಲ್ಲಿ ಒಂದು ಸಣ್ಣ ಸಭೆಗೆ ಪಾಸ್ಟರ್ ಆಗಿದ್ದರು. ಸಭೆ ಎಂದರೆ ಕೆಲವೇ ಮನೆಗಳು, ಒಂದು ಹಾರ್ಮೋನಿಯಂ, ಗಾಳಿಗಿಂತ ಸದ್ದೇ ಜಾಸ್ತಿ ಮಾಡುವ ಒಂದು ಫ್ಯಾನು. ವಾರದ ನಡುವಿನ ಪ್ರಾರ್ಥನೆ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ಕಾಕಾ ಪಕ್ಕದ ಮನೆಯವರು. ಉಗರಗೋಳದ ಪೂಜಾರಿ ಮನೆತನದಲ್ಲಿ ಹುಟ್ಟಿ, ನವಿಲುತೀರ್ಥದ ಆಣೆಕಟ್ಟಿನ ಮೇಲೆ ಗೇಟು ಏರಿಸಿ ಇಳಿಸುವ ಕೆಲಸ ಮಾಡುತ್ತಿದ್ದರು. ದೇವರಿಲ್ಲ ಎಂದು ಯಾರೆದುರಿಗೂ ಹೇಳುವವರು. ಮತ್ತೆ ಪ್ರಾರ್ಥನೆಗೆ ಯಾಕೆ ಬರುತ್ತೀರಿ ಎಂದರೆ ಉತ್ತರ ತಯಾರಿತ್ತು: “ನಮ್ಮ ಮನಿ ದೇವರಿಗೆ ಕೇಳೋದೆಲ್ಲಾ ಕೇಳಿ ಮುಗಿಸೇನಿ. ಈಗ ನಿಮ್ಮ ದೇವರ ಪಾಳಿ.”

ಪ್ರಾರ್ಥನೆ ಮುಗಿದು ಅವ್ವ ಚುರಮರಿ, ಚಹಾ ತರುವಷ್ಟರಲ್ಲಿ ಆ ಪಾಳಿ ಶುರುವಾಗುತ್ತಿತ್ತು. ಜಲಪ್ರಳಯದ ಕಥೆ ಕೇಳಿದ ದಿನ ಅವರು ಚಹಾದ ಬಸಿಯನ್ನು ಕೆಳಗಿಟ್ಟು, “ಪಾಸ್ಟರ್ರ, ನಾ ಗೇಟ್ ತಗದ್ರ ನೀರು ಕೆಳಗಿನ ಊರಿಗೆ ಹೋಗತೈತಿ. ಜಗತ್ತಿಗೆ ಜಗತ್ತ ತುಂಬಿದ ಮ್ಯಾಲ ಆ ನೀರು ಇಳಿದು ಹೋದದ್ದು ಎಲ್ಲಿಗ್ರಿ?” ಎಂದರು. ದೇವರು ಗಾಳಿ ಬೀಸಿಸಿ ಒಣಗಿಸಿದನೆಂದು ಅಪ್ಪ ಹೇಳಿದರು. ಬೇಸಿಗೆಯ ಬಿಸಿಗಾಳಿಗೆ ಜಲಾಶಯ ಎಷ್ಟು ಒಣಗುತ್ತದೆ ಎಂಬುದನ್ನು ಕಾಕಾ ಕೈಯಳತೆಯಲ್ಲಿ ತೋರಿಸಿದರು. ಅಪ್ಪ ಜೋರಾಗಿ ನಕ್ಕು, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡರು. ಪಾಸ್ಟರ್ ಒಬ್ಬರು ಹಾಗೆ ಹೇಳಬಹುದೆಂದು ನನಗೆ ತಿಳಿದದ್ದು ಅವತ್ತೇ.

ಅಂಜೂರದ ಗಿಡದ ವಿಷಯ ಮಾತ್ರ ಜಗಳಕ್ಕೆ ಬಂತು. ಹಸಿದ ಯೇಸು ಹಣ್ಣಿಲ್ಲದ ಗಿಡಕ್ಕೆ ಶಾಪ ಕೊಟ್ಟ ಪ್ರಸಂಗ ಅದು. ಹಂಗಾಮೇ ಅಲ್ಲದಾಗ ಹಣ್ಣು ಕೊಡಲಿಲ್ಲವೆಂದು ಗಿಡವನ್ನು ಒಣಗಿಸುವುದು ಯಾವ ನ್ಯಾಯ, ಹೊಲ ಮಾಡುವವರು ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಕಾಕಾ ಕೇಳಿದರು. ಸಭೆಯ ಹಿರಿಯರೊಬ್ಬರು ಸಿಟ್ಟಾಗಿ, ಈ ಮನುಷ್ಯ ಇನ್ನು ಇಲ್ಲಿಗೆ ಕಾಲಿಡಬಾರದು ಎಂದರು. ಮುಂದಿನ ಭಾನುವಾರ ಅಪ್ಪ ತಮ್ಮ ಬೋಧನೆಯಲ್ಲಿ ಸಂಶಯಪಟ್ಟ ಶಿಷ್ಯ ತೋಮನ ವಿಷಯ ಎತ್ತಿಕೊಂಡರು. ಯೇಸು ಅವನನ್ನು ಹೊರಗೆ ಹಾಕಲಿಲ್ಲ, ಗಾಯವನ್ನು ಮುಟ್ಟಿ ನೋಡು ಎಂದು ಕೈ ಮುಂದೆ ಮಾಡಿದ ಎಂದರು. ಹಿರಿಯರು ಸುಮ್ಮನಾದರು. ಈ ಸುದ್ದಿ ಮುಟ್ಟಿದ ವಾರ ಕಾಕಾ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ಕೂತರು.

ಕೆಲವು ವರ್ಷಗಳ ಮೇಲೆ ಅಪ್ಪನ ಕಿಡ್ನಿ ಎರಡೂ ಸೋತು, ಬೆಳಗಾವಿಯ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅಪ್ಪನಿಗೆ ಉಳಿದಿದ್ದ ಆಸೆ ಒಂದೇ. ಇಷ್ಟು ವರ್ಷ ಬಸಲಿಂಗಪ್ಪನಿಗಾಗಿ ಪ್ರಾರ್ಥನೆ ಮಾಡಿದ್ದೇನೆ, ಒಮ್ಮೆ ನಂಬುತ್ತೇನೆ ಎಂದುಬಿಟ್ಟರೆ ಸಾಕು ಎಂದು ಅವ್ವನ ಹತ್ತಿರ ಹೇಳಿಕೊಂಡಿದ್ದರು. ಮರುದಿನ ನೋಡಲು ಬಂದ ಕಾಕಾರನ್ನು ಅವ್ವ ಅಂಗಳದಲ್ಲೇ ತಡೆದಳು.

“ಸುಳ್ಳಾದ್ರೂ ಅಡ್ಡಿಲ್ಲ. ಒಂದ ಮಾತು ಅಂದ್ಬಿಡ್ರಿ. ಅವ್ರ ಜೀವ ಸಮಾಧಾನದಿಂದ ಹೋಗಲಿ.”

“ವೈನಿ, ಅವ್ರ ಮುಂದ ನಾ ಎಂದೂ ಸುಳ್ಳ ಹೇಳಿಲ್ರಿ” ಎಂದಷ್ಟೇ ಹೇಳಿ ಕಾಕಾ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವ್ವನಿಗೆ ಸಿಟ್ಟು ಬಂತು. ನನಗೂ ಬಂತು. ಹೋಗುವ ಜೀವಕ್ಕೆ ಇಷ್ಟೂ ಕೊಡಲಾರದ ಮನುಷ್ಯ ಎಂಥವನು ಅನಿಸಿತು.

ಕಾಕಾ ಮಂಚದ ಪಕ್ಕ ಕೂತು ಅಪ್ಪನ ಕೈ ಹಿಡಿದುಕೊಂಡರು. ಅಪ್ಪ ಅವರ ಮುಖವನ್ನೇ ನೋಡುತ್ತಿದ್ದರು.

“ಪಾಸ್ಟರ್ರ, ಇನ್ನೊಂದ ಪ್ರಶ್ನಿ ಉಳದೈತ್ರಿ. ಸ್ವರ್ಗದಾಗ ದುಃಖ ಇಲ್ಲಂತೀರಿ. ನಂಬಲಾರದವ್ರಿಗೆ ಅಲ್ಲಿ ಜಾಗಾನೂ ಇಲ್ಲಂತೀರಿ. ನಾ ಅಲ್ಲಿ ಬರೂದಿಲ್ಲ ಅಂತ ಗೊತ್ತಿದ್ದೂ ನಿಮಗ ಅಲ್ಲಿ ಸುಖ ಹೆಂಗ ಇರತೈತ್ರಿ?”

ಅಪ್ಪ ಕಣ್ಣು ಮುಚ್ಚಿದರು. ನಾನು ಹೆದರಿದೆ. ಆಮೇಲೆ ಅವರ ಹೊಟ್ಟೆ ಅಲುಗಿತು. ಅಪ್ಪ ನಗುತ್ತಿದ್ದರು. ಮನೆಗೆ ಕರೆತಂದ ಮೇಲೆ ಅವರು ನಕ್ಕಿದ್ದೇ ಇರಲಿಲ್ಲ. “ಇದಕ್ಕ ನನ್ನ ಕಡೆ ಉತ್ತರ ಇಲ್ಲೋ ಮಾರಾಯಾ. ಹೋಗಿ ಕೇಳತೇನಿ” ಎಂದರು. ಅದೇ ವಾರ ತೀರಿಕೊಂಡರು.

ನಾನು ಬೈಲಹೊಂಗಲದಲ್ಲಿ ಶಿಕ್ಷಕಿಯಾದೆ, ಅವ್ವನೂ ನನ್ನ ಜೊತೆ ಬಂದಳು. ಹೋದ ವರ್ಷ ಮುನವಳ್ಳಿಗೆ ಹೋದಾಗ ಕಾಕಾರನ್ನು ಕೊನೆಯ ಸಲ ನೋಡಿದೆ. ಕೆಲಸದಿಂದ ನಿವೃತ್ತರಾಗಿದ್ದರು, ತೀರಾ ಇಳಿದುಹೋಗಿದ್ದರು. ಚಹಾ ಕುಡಿಯುತ್ತ, “ಪಾಸ್ಟರ್ರು ಕೇಳತೇನಂದು ಹೋದ್ರು. ಇನ್ನೂ ಉತ್ತರ ಬಂದಿಲ್ಲ ನೋಡವಾ” ಎಂದರು.

ಹಾಗಾದರೆ ಅಪ್ಪ ಎಲ್ಲೋ ಇದ್ದಾರೆಂದು ನಂಬುತ್ತೀರಾ ಎಂದು ಕೇಳಿದೆ. ಅವರ ಮಾತನ್ನೇ ಹಿಡಿದು ಆ ಮನುಷ್ಯನಿಗೆ ನಾನು ತಿರುಗಿ ಕೇಳಿದ ಮೊದಲ ಪ್ರಶ್ನೆ ಅದು.

“ಇಲ್ಲವಾ. ನಂಬೂದಿಲ್ಲ” ಎಂದರು. ಚಹಾದ ಬಸಿ ಕೆಳಗಿಟ್ಟು, “ಆದ್ರ ನಿಮ್ಮಪ್ಪ ಮಾತು ಕೊಟ್ಟು ತಪ್ಪಿದಾಂವ ಅಲ್ಲ” ಎಂದರು.

ನಾನು ಹೊರಡಲು ಎದ್ದಾಗ ಅವರೇ ತಡೆದರು. ಅಪ್ಪ ಯಾರ ಮನೆಯಿಂದಲೂ ಪ್ರಾರ್ಥನೆ ಮಾಡದೆ ಹೋಗುತ್ತಿರಲಿಲ್ಲ, ನಿಮ್ಮ ಪದ್ಧತಿ ಬಿಡಬೇಡ ಎಂದರು. ನಾನು ಕಣ್ಣು ಮುಚ್ಚಿ ಶುರುಮಾಡಿದೆ. ನಡುವೆ ಸಣ್ಣವಳಿದ್ದಾಗಿನಂತೆ ಕದ್ದು ಕಣ್ಣು ತೆರೆದೆ.

ಕಾಕಾ ಬಾಗಿಲ ಕಡೆ ನೋಡುತ್ತಿದ್ದರು.